ಘಟ್ಟದ ರಸ್ತೆಗೆ ಬುಗಾಟಿ ಯಾಕೆ?

ಈ ಸಲದ ಅಂಕಣ ರೇಸಿಂಗ್ ಗೇಮ್ ಮಾಡಲು ಹೊರಟವರಿಗೆ. ಪತ್ರಗಳು ಬೇರೆ ಬೇರೆ ಊರಿಂದ ಬಂದಿವೆ, ಆದರೆ ಹೆಚ್ಚಿನವರ ಮಾತು ಒಂದೇ: ‘ಇಷ್ಟು ಕಾರು ಸಾಕಾ ಸಾರ್?’ ಸಾಕಾಗುವುದೇನು, ಜಾಸ್ತಿಯಾಗಿದೆ. ಕೋಡ್ ಬರೆಯುವುದು ಹೇಗೆ, ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ಮೊದಲು ಒಂದು ಡಬ್ಬಿಗೆ ನಾಲ್ಕು ಚಕ್ರ ಹಾಕಿ ಸ್ಕ್ರೀನ್ ಮೇಲೆ ಓಡಿಸಿ, ಆಮೇಲೆ ಬರೆಯಿರಿ.

ಪ್ರಶ್ನೆ: ನಾವು ಶಿರಸಿಯ ನಾಲ್ವರು ಗೆಳೆಯರು ದೇವಿಮನೆ ಘಟ್ಟದ ಮೇಲೆ ಒಂದು ಗೇಮ್ ಮಾಡುತ್ತಿದ್ದೇವೆ. ಪಟ್ಟಿಯಲ್ಲಿ 60 ಕಾರುಗಳಿವೆ. ಬುಗಾಟಿ ವೇರಾನ್, ಲ್ಯಾಂಬೋರ್ಗಿನಿ, ಫೆರಾರಿ ಎಲ್ಲ ಇವೆ. ನಮ್ಮ ಕಡೆ ಓಡಾಡುವ ಕಾರುಗಳನ್ನೂ ಸೇರಿಸಿದ್ದೇವೆ. ಯಾವುದನ್ನು ಉಳಿಸಿಕೊಳ್ಳಬೇಕು?

ಉತ್ತರ: 54 ಕಾರು ಅಳಿಸಿ. ಉಳಿದ ಆರರ ಮೇಲೂ ಅನುಮಾನ ಇರಲಿ.

ಮೊದಲು ರಸ್ತೆ ನೋಡಿ. ದೇವಿಮನೆಯಲ್ಲಿ ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಎದುರಿಗಿರುತ್ತದೆ. ವೇರಾನ್ 2005ರಲ್ಲಿ ಹೆಸರು ಮಾಡಿದ್ದು 1001 ಅಶ್ವಶಕ್ತಿಗೆ, ಗಂಟೆಗೆ 400 ಕಿ.ಮೀ. ದಾಟುವ ವೇಗಕ್ಕೆ. ಆ 400 ಅನ್ನು ಈ ಘಟ್ಟದಲ್ಲಿ ಎಲ್ಲಿ ತೋರಿಸುತ್ತೀರಿ? ಆಡುವವನು ಎಕ್ಸಲರೇಟರ್ ಮುಟ್ಟುವುದು, ಹೆದರಿ ಬ್ರೇಕ್ ಒತ್ತುವುದು, ಇಷ್ಟೇ ಆಟ. ವೇರಾನ್ ಅಗಲ ಹೆಚ್ಚುಕಡಿಮೆ 2 ಮೀಟರ್, ಮಾರುತಿ 800ರದ್ದು 1.44 ಮೀಟರ್. ತಿರುವಿನಲ್ಲಿ ಎದುರಿಂದ ಬಸ್ ಬಂದರೆ ಆ ಅರ್ಧ ಮೀಟರಿನಲ್ಲೇ ಮಜಾ ಇರುವುದು. ಅಂದಹಾಗೆ, ರಸ್ತೆ ಅಗಲ ಮಾಡುವ ಮೊದಲಿನ ಹಳೇ ಘಟ್ಟವನ್ನೇ ಮಾಡಿ. ಓಡಾಡುವವರಿಗೆ ಅಗಲ ರಸ್ತೆ ಒಳ್ಳೆಯದು, ಗೇಮಿಗೆ ಅಲ್ಲ.

ಇನ್ನು ಕಾರು. ನನ್ನ ಲೆಕ್ಕ ಇಷ್ಟೇ: ಒಂದೇ ತಿರುವಿನಲ್ಲಿ ಪ್ರತಿ ಕಾರೂ ಆಡುವವನ ಕೈಕಾಲಿಗೆ ಬೇರೆ ಕೆಲಸ ಕೊಡಬೇಕು. ಕೊಡದಿದ್ದರೆ ಅದು ಬಣ್ಣ ಬದಲಿಸಿದ ಅದೇ ಕಾರು.

ಇಳಿಜಾರಿನ ಒಂದು ಹೇರ್‌ಪಿನ್ ತಗೊಳ್ಳಿ. ಮಳೆ ಬಿದ್ದಿದೆ, ಎರಡನೇ ಗೇರ್. 800ರಲ್ಲಿ ಎಂಜಿನ್ ಮುಂದೆ, ಎಳೆಯುವುದೂ ಮುಂದಿನ ಚಕ್ರ, ತಿರುಗುವುದೂ ಅದೇ. ಸ್ವಲ್ಪ ಜೋರಾಗಿ ಬಂದರೆ ಮೂತಿ ತಿರುವಿನ ಹೊರಕ್ಕೆ ಜಾರುತ್ತದೆ. ಎಕ್ಸಲರೇಟರಿನಿಂದ ಕಾಲು ತೆಗೆದರೆ ಭಾರ ಮುಂದಿನ ಚಕ್ರದ ಮೇಲೆ ಬಂದು ಮೂತಿ ಒಳಕ್ಕೆ ಬರುತ್ತದೆ. ಆಟಗಾರ ಕಲಿಯುವ ಮೊದಲ ಪಾಠ ಇದು, ಹಾಗಾಗಿ ಮೊದಲು ಕೈಗೆ ಕೊಡಬೇಕಾದ ಕಾರೂ ಇದೇ.

ಅದೇ ತಿರುವಿಗೆ ನ್ಯಾನೊ ತನ್ನಿ. 624 ಸಿಸಿ ಎಂಜಿನ್ ಹಿಂದಿದೆ, ಬಾಲ ಭಾರ. 800ರಲ್ಲಿ ಕಾಪಾಡಿದ ಉಪಾಯವನ್ನೇ ಇಲ್ಲಿ ಮಾಡಿ ಫಕ್ಕನೆ ಕಾಲು ತೆಗೆದರೆ, ಮುಂದೆ ಬರಲು ನೋಡುವುದು ಬಾಲ! ನಿಜವಾದ ನ್ಯಾನೊದಲ್ಲಿ ಹೀಗಾಗದಿರಲೆಂದೇ ಮುಂದೆ 135, ಹಿಂದೆ 155 ಮಿ.ಮೀ. ಅಗಲದ ಟೈರ್ ಹಾಕಿದ್ದರು. ನಾಲ್ಕಕ್ಕೂ ಒಂದೇ ಅಳತೆ ಹಾಕಿದರೆ ಏನಾಗುತ್ತದೆ ನೋಡಿ. ಗೇಮಿನೊಳಗೆ ಮಾತ್ರ, ದಯವಿಟ್ಟು.

ಓಮ್ನಿ ಅಂದರೆ ಎಲ್ಲರಿಗೂ ಸಿನಿಮಾದ ಕಿಡ್ನ್ಯಾಪ್ ಗಾಡಿ ನೆನಪಾಗಿ ನಗು ಬರುತ್ತದೆ. ಆದರೆ ಅದರ ಎಂಜಿನ್ ಮುಂದಿನ ಸೀಟಿನ ಕೆಳಗೆ, ತಳ್ಳುವುದು ಹಿಂದಿನ ಚಕ್ರ. ಖಾಲಿ ಇದ್ದಾಗ ಹಿಂಭಾಗ ಹಗುರ, ಏರಿನಲ್ಲಿ ಚಕ್ರ ಸುಮ್ನೆ ತಿರುಗುತ್ತದೆ. ಹಿಂದೆ ನಾಲ್ಕು ಚೀಲ ಅಡಿಕೆ ಹಾಕಿ. ಈಗ ಏರಿನಲ್ಲಿ ಹಿಡಿತ ಬಂತು, ಇಳಿಜಾರಿನಲ್ಲಿ ಬ್ರೇಕ್ ಸಾಲದಾಯಿತು. ಒಂದೇ ಮಾಡೆಲ್‌ನಲ್ಲಿ ಎರಡು ಕಾರು ಸಿಕ್ಕಿತಲ್ವಾ?

ಜಿಪ್ಸಿ ಇರಲೇಬೇಕು. ನಾಲ್ಕೂ ಚಕ್ರಕ್ಕೆ ಪಟ್ಟೆ ಸ್ಪ್ರಿಂಗು, ಗುಂಡಿ ಸಿಕ್ಕಿದರೆ ಕುಣಿಯುತ್ತದೆ. ಫೋರ್ ವೀಲ್ (ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಗೇರ್) ಹಾಕಿ ಒಣ ಡಾಂಬರಿನ ಮೇಲೆ ಗಿಡ್ಡ ತಿರುವು ತಗೊಂಡರೆ ಗಾಡಿ ಬಿಗಿಯಾಗುತ್ತದೆ. ಮುಂದಿನ ಚಕ್ರ ಜಾಸ್ತಿ ದೂರ ಹೋಗಬೇಕು, ಹಿಂದಿನದು ಕಡಿಮೆ, ಆದರೆ ಎರಡನ್ನೂ ಒಟ್ಟಿಗೆ ಕಟ್ಟಿದಂತಾಗಿರುತ್ತದೆ. ಕೆಂಪು ಮಣ್ಣು, ಕೆಸರು ಬಂದರೆ ಅದೇ ಫೋರ್ ವೀಲ್ ಬೇಕು. ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಅನ್ನುವುದೇ ಒಂದು ಆಟ.

ಅಂಬಾಸಡರ್‌ಗೆ ಹೆಚ್ಚು ಹೇಳಬೇಕಾಗಿಲ್ಲ: ಮುಂದೆ ಎಂಜಿನ್, ಹಿಂದೆ ತಳ್ಳು, ಮೈಯೆಲ್ಲ ವಾಲುತ್ತದೆ, ಸ್ಟಿಯರಿಂಗ್ ಬೇಗ ಶುರುಮಾಡಬೇಕು. ಆರನೆಯದು ಹಳೇ ಹೋಂಡಾ ಸಿಟಿ ವಿಟೆಕ್. 1.5 ಲೀಟರ್, 106 ಅಶ್ವಶಕ್ತಿ, ನಮ್ಮ ರ‍್ಯಾಲಿಯವರ ಅಚ್ಚುಮೆಚ್ಚಿನ ಕಾರು. ಅದೂ 800ರ ಹಾಗೆ ಮುಂದಿನ ಚಕ್ರದ್ದೇ, ನಿಮ್ಮ ಲೆಕ್ಕಕ್ಕೆ ಹೊರಗಿರಬೇಕಲ್ವಾ ಅಂತ ಕೇಳಬಹುದು. ಅದರ ಶಕ್ತಿ ಇರುವುದು ಎಂಜಿನ್ ಜೋರಾಗಿ ತಿರುಗುವಾಗ. ತಿರುವಿಗೆ ಮೊದಲೇ ಗೇರ್ ಇಳಿಸಿ ಕೂಗಿಸದಿದ್ದರೆ ಹೊರಬರುವಾಗ ಮಂಕು. ಕಾಲಿಗೂ ಗೇರಿಗೂ ಹೊಸ ಕೆಲಸ ಸಿಕ್ಕಿತು, ಹಾಗಾಗಿ ಪಾಸು. 800ರ ಹಾಗೇ ನಡೆಯುವ ಆಲ್ಟೊ, ಝೆನ್ ಹೊರಗೆ. ಝೆನ್ ಅಭಿಮಾನಿಗಳಿಗೆ ಸಿಟ್ಟು ಬರಬಹುದು, ಬರಲಿ.

ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಬಣ್ಣ, ಹೆಸರು, ಸದ್ದು ಎಲ್ಲ ತೆಗೆದು ಕಾರುಗಳನ್ನು ಬೂದು ಡಬ್ಬಿ ಮಾಡಿ. ಗೇಮ್ ಮಾಡುವುದರಲ್ಲಿ ಇಲ್ಲದ ಒಬ್ಬರಿಗೆ ಕೊಡಿ, ಚಿಕ್ಕಪ್ಪನ ಮಗನಾದರೂ ಸರಿ. ಎರಡು ಡಬ್ಬಿಗಳ ವ್ಯತ್ಯಾಸ ಅವನಿಗೆ ಗೊತ್ತಾಗದಿದ್ದರೆ ಅದರಲ್ಲಿ ಒಂದು ಹೋಗಬೇಕು. ‘ಆದರೆ ನೋಡಲು ಚಂದ ಇದೆ’ ಅನ್ನುವ ವಕಾಲತ್ತು ಬೇಡ.

ಸಂಖ್ಯೆಯ ಹುಚ್ಚು ದೊಡ್ಡವರನ್ನೂ ಬಿಟ್ಟಿಲ್ಲ. 2010ರಲ್ಲಿ ಬಂದ ಗ್ರ್ಯಾನ್ ಟುರಿಸ್ಮೊ 5 ಎಂಬ ರೇಸಿಂಗ್ ಗೇಮಿನಲ್ಲಿ ಸಾವಿರಕ್ಕೂ ಹೆಚ್ಚು ಕಾರುಗಳಿದ್ದವು. ಬಹುಪಾಲು ಹಿಂದಿನ ಪ್ಲೇಸ್ಟೇಷನ್ ಕಾಲದ ಮಾಡೆಲ್‌ಗಳನ್ನೇ ತಂದು ಹಾಕಿದ್ದು. ನಿಸ್ಸಾನ್ ಸ್ಕೈಲೈನ್, ಮಾಜ್ಡಾ ಎಂಎಕ್ಸ್-5 ಇಂಥ ಒಂದೊಂದು ಕಾರೂ ಸಣ್ಣಪುಟ್ಟ ಬದಲಾವಣೆಯಲ್ಲಿ ಹತ್ತಾರು ಹೆಸರಲ್ಲಿತ್ತು. ಜನ ಬೈದರು. 2017ರ ಗ್ರ್ಯಾನ್ ಟುರಿಸ್ಮೊ ಸ್ಪೋರ್ಟ್ ಶುರುವಾದಾಗ 200 ಕಾರೂ ಇರಲಿಲ್ಲ. ಅವರ ಹತ್ತಿರ ದುಡ್ಡಿತ್ತು, ಜನ ಇದ್ದರು. ನೀವು ನಾಲ್ವರು.

ಪ್ರಶ್ನೆ: ಕಂಪನಿಯ ಲೋಗೋ ತೆಗೆದು ಹೆಸರಿನ ಒಂದಕ್ಷರ ಬದಲಿಸಿದರೆ ತೊಂದರೆ ಇಲ್ಲ ಅಲ್ವಾ? (ಕಾರವಾರ)

ಉತ್ತರ: ಇದೆ. ಈ ಸುಳ್ಳನ್ನು ಯಾರು ಹಬ್ಬಿಸುತ್ತಾರೋ ಗೊತ್ತಿಲ್ಲ, ಪ್ರತಿ ಸಲವೂ ಬರುತ್ತದೆ. ಹೆಸರಷ್ಟೇ ಅಲ್ಲ, ಕಾರಿನ ರೂಪದ ಮೇಲೂ ಕಂಪನಿಗೆ ಹಕ್ಕು ಇರಬಹುದು. ಪೋರ್ಷೆ ಕಾರುಗಳನ್ನು ಗೇಮಿನಲ್ಲಿ ಬಳಸುವ ಹಕ್ಕು ಸುಮಾರು 2000ದಿಂದ 2016ರವರೆಗೆ ಒಂದೇ ಗೇಮ್ ಕಂಪನಿಯ ಕೈಯಲ್ಲಿತ್ತು. ಅಷ್ಟು ವರ್ಷ ಗ್ರ್ಯಾನ್ ಟುರಿಸ್ಮೊದವರು ಪೋರ್ಷೆ ಬದಲು ರೂಫ್ ಎಂಬ ಜರ್ಮನ್ ಕಂಪನಿಯ ಕಾರು ಹಾಕಿಕೊಂಡರು. ಲೋಗೋ ಅಳಿಸಿದ್ದರೆ ಮುಗಿಯುತ್ತಿತ್ತಲ್ವಾ? ದುಡ್ಡು ಕೊಟ್ಟು ತಗೊಂಡ ಅನುಮತಿಗೂ ಅವಧಿ ಇದೆ. ಅದು ಮುಗಿದದ್ದಕ್ಕೇ ಫೋರ್ಜಾ ಹೊರೈಜನ್ 4 ಎಂಬ ರೇಸಿಂಗ್ ಗೇಮನ್ನು 2024ರ ಡಿಸೆಂಬರ್‌ನಲ್ಲಿ ಮಾರಾಟದಿಂದ ತೆಗೆದರು. ಶಿರಸಿಯವರೂ ಇದನ್ನು ಓದಿಕೊಳ್ಳಿ. ನಾನು ಹೇಳಿದ ಆರು ಕಾರು ನಿಮಗೆ ಅಳತೆಗೋಲು ಮಾತ್ರ. ಎಂಜಿನ್ ಹಿಂದಿಡುವುದು, ಹಿಂದಿನ ಚಕ್ರ ತಳ್ಳುವುದು ಯಾರ ಆಸ್ತಿಯೂ ಅಲ್ಲ. ನಡತೆ ತಗೊಳ್ಳಿ, ಮೈಯನ್ನು ನೀವೇ ಬಿಡಿಸಿ, ಹೆಸರು ನೀವೇ ಇಡಿ. ಮಾರುವ ಮೊದಲು ವಕೀಲರಿಗೆ ತೋರಿಸಿ.

ಪ್ರಶ್ನೆ: 499 ರೂಪಾಯಿಗೆ ಗೇಮಿಗೆ ಹಾಕುವ 500 ಕಾರು ಮಾಡೆಲ್‌ಗಳ ಪ್ಯಾಕ್ ಸಿಗುತ್ತಿದೆ. ತಗೊಳ್ಳಲಾ? (ಅಂಕೋಲಾ)

ಉತ್ತರ: ಬೇಡ. ಬೇರೆ ಗೇಮಿನಿಂದ ಕಿತ್ತು ತಂದ ಮಾಲು ಅದು. ಮೂರು ತಿಂಗಳಲ್ಲಿ ಗೇಮ್ ಕಲಿಸುತ್ತೇನೆ ಅನ್ನುವ ಕೆಲವು ಮಹಾಶಯರೂ ಇದನ್ನೇ ಕ್ಲಾಸಿನಲ್ಲಿ ಹಂಚುತ್ತಾರೆ, ಶಿಷ್ಯರು ಸಿಕ್ಕಿಬೀಳುವಾಗ ಫೋನ್ ಎತ್ತುವುದಿಲ್ಲ. ದುಡ್ಡು ಕೊಟ್ಟು ತಗೊಳ್ಳುವ ಮಾಡೆಲ್‌ಗಳಲ್ಲೂ ‘ಎಡಿಟೋರಿಯಲ್ ಬಳಕೆಗೆ ಮಾತ್ರ’ (ಸುದ್ದಿ, ಲೇಖನಕ್ಕೆ ಮಾತ್ರ) ಅಂತ ಇದ್ದರೆ ಗೇಮಿಗೆ ಹಾಕುವಂತಿಲ್ಲ.

ಪ್ರಶ್ನೆ: ಅಶ್ವಶಕ್ತಿ ಜಾಸ್ತಿ ಇರುವ ಕಾರೇ ಗೆಲ್ಲಬೇಕಲ್ಲವೇ? (ಕುಮಟಾ)

ಉತ್ತರ: ತೂಕ ಎಷ್ಟು ಅಂತ ಕೇಳಿ, ಟೈರ್ ಯಾವುದು ಅಂತ ಕೇಳಿ, ಆಮೇಲೆ ಮಾತಾಡೋಣ.

ಪ್ರಶ್ನೆ: ಗೇಮ್ ಆಡಿ ಕಲಿತ ಮಗ ಘಟ್ಟದಲ್ಲಿ ಕಾರು ಓಡಿಸಬಹುದೇ? (ಯಲ್ಲಾಪುರ)

ಉತ್ತರ: ಇಲ್ಲ.

ಪ್ರಶ್ನೆ: ಎಂಜಿನ್ ಸದ್ದು ರೆಕಾರ್ಡ್ ಮಾಡಲು ಗೆಳೆಯನನ್ನು ಕಿಟಕಿಯಿಂದ ಹೊರಗೆ ಕೂರಿಸಿ ಮೈಕ್ ಹಿಡಿಸಿದ್ದೇವೆ. ಗಾಳಿ ಸದ್ದೇ ಬರುತ್ತಿದೆ. (ಹೊನ್ನಾವರ)

ಉತ್ತರ: ಅವನನ್ನು ಮೊದಲು ಒಳಗೆ ಎಳೆದುಕೊಳ್ಳಿ. ನಿಂತ ಕಾರಿನಲ್ಲಿ ಎಕ್ಸಲರೇಟರ್ ಒತ್ತಿ ತೆಗೆದ ಸದ್ದೂ ಪ್ರಯೋಜನಕ್ಕೆ ಬಾರದು, ಎಂಜಿನ್ ಮೇಲೆ ಭಾರ ಇರುವುದಿಲ್ಲ. ಎರಡನೇ ಗೇರಿನಲ್ಲಿ ಏರು ಹತ್ತಿಸಿ. ನಿಧಾನ ಇದ್ದರೂ ಎಂಜಿನ್ ದುಡಿಯುತ್ತಿರುತ್ತದೆ, ಅದೇ ಬೇಕಾದ ಸದ್ದು. ಒಂದು ರೆಕಾರ್ಡರ್ ಒಳಗೆ ಕಾಲಿನ ಹತ್ತಿರ, ಇನ್ನೊಂದು ಹಿಂದೆ ಬಂಪರಿಗೆ ಗಟ್ಟಿಯಾಗಿ ಕಟ್ಟಿ, ಗಾಳಿ ತಡೆಯುವ ಸ್ಪಂಜು ಹಾಕಿ, ಹೊಗೆ ನೇರ ತಾಗದಂತೆ ಪಕ್ಕಕ್ಕಿಡಿ. ಬೆಳಿಗ್ಗೆ ಬೇಗ ಹೋಗಿ, ಬೆಳಕಾದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಘಟ್ಟ ಹತ್ತಲೇಬೇಡಿ.