ಹಿಂಗಾರಿಗೆ ಏನು ಹಾಕೋಣ, ಅಕ್ಕಾ?

ಆಗಸ್ಟ್ ಕೊನೆ, ಮಘೆ ಮಳೆ ಮುಗಿಯುತ್ತಾ ಬಂದಿದೆ. ನಮ್ಮ ಚಿಂತಾಮಣಿ ಕಡೆ ಸಸಿ ನರ್ಸರಿಗಳ ಮುಂದೆ ಬೈಕುಗಳ ಸಾಲು ಶುರುವಾಗಿದೆ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಹಿಂಗಾರಿನ ತರಕಾರಿ ಬಗ್ಗೆಯೇ ಇವೆ. ಒಬ್ಬರು ಮಾತ್ರ ಸ್ಟ್ರಾಬೆರಿ ಕೇಳಿದ್ದಾರೆ. ನಾನು ಟ್ರೇಯಲ್ಲಿ ಸಸಿ ಬೆಳೆಸಿ ಮಾರುವವಳು, ಸ್ವಂತಕ್ಕೆ ಟೊಮೆಟೊ, ಬೀನ್ಸ್ ಇಡುವವಳು. ನನಗೆ ಗೊತ್ತಿರುವಷ್ಟನ್ನು ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ಅಕ್ಕಾ, ಈಗ ಕೋಲಾರ ಮಂಡಿಯಲ್ಲಿ ಟೊಮೆಟೊಗೆ ಒಳ್ಳೆ ರೇಟಿದೆ. ನನ್ನ ಹತ್ತಿರ ಎರಡು ಎಕರೆ ಖಾಲಿ ಇದೆ, ಬೋರ್‌ನಲ್ಲಿ ಎರಡಿಂಚು ನೀರಿದೆ. ಪೂರ್ತಿ ಟೊಮೆಟೊ ಹಾಕೋಣ ಅಂತ ಇದ್ದೇನೆ. ಸಸಿ ಬುಕ್ ಮಾಡಲಾ?
— ಒಬ್ಬ ರೈತರು, ಶ್ರೀನಿವಾಸಪುರ ತಾಲ್ಲೂಕು

ತಮ್ಮಾ, ಮೊದಲು ಕ್ಯಾಲೆಂಡರ್ ಕೈಗೆ ತಗೋ. ಇವತ್ತು ಬೀಜ ಬಿದ್ದರೆ ಸಸಿ ನಾಟಿಗೆ ಬರಲು 25 ದಿನ ಬೇಕು. ನಾಟಿ ಮಾಡಿದ ಮೇಲೆ ಮೊದಲ ಹಣ್ಣು ಬಿಡಿಸಲು ಸುಮಾರು 70 ದಿನ. ಅಂದರೆ ನಿನ್ನ ಮೊದಲ ಬಾಕ್ಸ್ ಮಂಡಿಗೆ ಹೋಗುವುದು ಡಿಸೆಂಬರ್ ಮೊದಲ ವಾರದಲ್ಲಿ. ಈಗಿನ ರೇಟು ಈಗ ಹಣ್ಣು ಇರುವವರದ್ದು. ನೀನು ನೋಡಬೇಕಾದ್ದು ಡಿಸೆಂಬರ್ ಅನ್ನು.

ಡಿಸೆಂಬರ್‌ನಲ್ಲಿ ಯಾರ ಹತ್ತಿರ ಟೊಮೆಟೊ ಇರುತ್ತೆ? ಎಲ್ಲರ ಹತ್ತಿರವೂ ಇರುತ್ತೆ. ನಾಸಿಕ್ ಕಡೆಯದ್ದು ಇನ್ನೂ ಮುಗಿದಿರುವುದಿಲ್ಲ. ಮಧ್ಯಪ್ರದೇಶ, ಗುಜರಾತ್, ಛತ್ತೀಸ್‌ಗಢದ ಹಣ್ಣು ಬರಲು ಶುರುವಾಗಿರುತ್ತದೆ. ಉತ್ತರದವರಿಗೆ ಅವರದ್ದೇ ಹಣ್ಣು ಸಿಗುವಾಗ ಕೋಲಾರದಿಂದ ಲಾರಿ ತುಂಬಿಕೊಂಡು ಹೋಗುವ ಅಗತ್ಯ ಇರುವುದಿಲ್ಲ. ಜೂನ್, ಜುಲೈ ಬೇರೆ ಮಾತು. ಬೇಸಿಗೆಯಲ್ಲಿ ಅಲ್ಲಿ ಬೆಳೆ ನಿಲ್ಲುವುದಿಲ್ಲ. ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊ ಹೂ ಕಾಯಿ ಕಚ್ಚದೆ ಉದುರಿಹೋಗುತ್ತದೆ. ಆಗ ಇಡೀ ದೇಶ ಕೋಲಾರ, ಆಂಧ್ರದ ಮದನಪಲ್ಲಿ ಕಡೆ ನೋಡುತ್ತದೆ.

2023ರ ವರ್ಷ ನೆನಪಿದೆ ಅಲ್ವಾ? ಬೇಸಿಗೆಯಲ್ಲಿ ರೇಟು ನೆಲಕ್ಕೆ ಬಿದ್ದಿತ್ತು. ಬಿಡಿಸುವ ಕೂಲಿಯೂ ಹುಟ್ಟುವುದಿಲ್ಲ ಅಂತ ಜನ ಹಣ್ಣು ಗಿಡದಲ್ಲೇ ಬಿಟ್ಟರು, ಹೊಸ ನಾಟಿ ಕಡಿಮೆಯಾಯಿತು. ಜೊತೆಗೆ ಎಲೆ ಮುದುಡು ರೋಗದ ಕಾಟ. ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿತು. ಅದನ್ನು ನೋಡಿ ಎಲ್ಲರೂ ನಾಟಿಗೆ ಬಿದ್ದರು. ಸೆಪ್ಟೆಂಬರ್ ಹೊತ್ತಿಗೆ ರೇಟು ಮತ್ತೆ ಕೆಳಗೆ ಬಂತು. ಇದು ಆ ಒಂದು ವರ್ಷದ ಕತೆಯಲ್ಲ. ನರ್ಸರಿಯಲ್ಲಿ ಕೂತವಳಿಗೆ ಇದು ಮುಂಚೆಯೇ ಕಾಣುತ್ತದೆ. ಮಂಡಿಯಲ್ಲಿ ರೇಟು ಏರಿದ ವಾರವೇ ನಮ್ಮ ಬುಕಿಂಗ್ ಪುಸ್ತಕದಲ್ಲಿ ಟೊಮೆಟೊ ಪುಟ ತುಂಬುತ್ತದೆ. ರೇಟು ಬಿದ್ದಾಗ ಮುಂಗಡ ಕೊಟ್ಟವರೂ ಸಸಿ ಒಯ್ಯಲು ಬರುವುದಿಲ್ಲ. ಅದಕ್ಕೇ ಹೇಳುತ್ತೇನೆ, ಮಂಡಿಗೆ ಹೋಗುವ ಮುಂಚೆ ನಿನ್ನ ಸುತ್ತಿನ ಮೂರು ನಾಲ್ಕು ನರ್ಸರಿಗೆ ಹೋಗಿ ಬಾ. ಈ ವಾರ ಯಾವ ಸಸಿ ಜಾಸ್ತಿ ಬುಕ್ ಆಗಿದೆ ಅಂತ ಕೇಳು. ಮೂರು ತಿಂಗಳ ಮುಂದಿನ ಮಂಡಿ ಅಲ್ಲೇ ಕಾಣುತ್ತದೆ. ಸಸಿ ಮಾರಿ ಬದುಕುವವಳೇ ಇದನ್ನು ಹೇಳುತ್ತಿದ್ದೇನೆ. ಬೆಳೆದವನು ಮುಳುಗಿದರೆ ಮುಂದಿನ ವರ್ಷ ನನ್ನ ನರ್ಸರಿಗೆ ಯಾರು ಬರುತ್ತಾರೆ?

ಮಳೆ ವಿಷಯ ಬೇರೆ ಇದೆ. ಸೆಪ್ಟೆಂಬರ್ ಕೊನೆಗೆ ನಾಟಿ ಮಾಡಿದರೆ ಗಿಡ ಎಳೆಯದಾಗಿರುವಾಗಲೇ ಹಸ್ತ, ಚಿತ್ತೆ, ಸ್ವಾತಿ ಮಳೆ ಸಿಗುತ್ತವೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮ ಕಡೆ ಮೂರು ನಾಲ್ಕು ದಿನ ಮೋಡ ಬಿಡುವುದಿಲ್ಲ. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹೊಲಗಳಲ್ಲಿ ನೀರು ನಿಂತು ಬೆಳೆ ಕೊಳೆತದ್ದನ್ನು ನೀನೂ ನೋಡಿರುತ್ತೀಯ. ಅಂಥ ಹವೆಯಲ್ಲಿ ಎಲೆ ಕರಟಿಸುವ ಅಂಗಮಾರಿ ರೋಗ ಬಂದರೆ ಕೆಲವೇ ದಿನದಲ್ಲಿ ತೋಟ ಸುಟ್ಟ ಹಾಗೆ ಆಗುತ್ತದೆ.

ಹಾಗಾಗಿ ನನ್ನ ಮಾತು ಇಷ್ಟು. ಅರ್ಧ ಎಕರೆಗೆ ಮಾತ್ರ ಟೊಮೆಟೊ ಇಡು. ಬೆಂಗಳೂರು, ಚೆನ್ನೈಗೆ ಯಾವಾಗಲೂ ಹಣ್ಣು ಬೇಕು, ಅಷ್ಟು ನಷ್ಟವಾಗದು. ಬೆಡ್ ಒಂದಡಿ ಎತ್ತರ ಮಾಡು, ನೀರು ಹೊರಗೆ ಹೋಗಲು ಕಾಲುವೆ ಮೊದಲೇ ತೆಗೆ. ಗಿಡ ಮಲಗುವ ಮುಂಚೆ ಕಡ್ಡಿ ನೆಟ್ಟು ಕಟ್ಟು. ತಳಿ ವಿಷಯಕ್ಕೆ ಬಂದರೆ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುದುಡು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಆಮೇಲೆ ಬಂದ ಅರ್ಕಾ ಅಭೇದ್ ತಡವಾದ ಅಂಗಮಾರಿಯನ್ನೂ ತಡೆಯುತ್ತದೆ. ತಡೆಯುತ್ತದೆ ಅಂದರೆ ಔಷಧವೇ ಬೇಡ ಅಂತಲ್ಲ. ಹೊಡೆಯುವ ಸಲ ಕಡಿಮೆಯಾಗುತ್ತದೆ ಅಂತ. ಇನ್ನೊಂದು, ಸಸಿ ತಿಂಗಳಿಗಿಂತ ಹಳೆಯದಾದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡ. ಟ್ರೇಯಲ್ಲೇ ಬೇರು ಸುತ್ತಿಕೊಂಡಿರುತ್ತದೆ, ಗಿಡ ಮೇಲೇಳುವುದಿಲ್ಲ.

ಉಳಿದ ಒಂದೂವರೆ ಎಕರೆಯಲ್ಲಿ ಒಂದಿಷ್ಟಕ್ಕೆ ಬೀನ್ಸ್ ಇಡು, ಉಳಿದದ್ದನ್ನು ಉತ್ತು ಹಸಿರೆಲೆ ಗೊಬ್ಬರದ ಬೆಳೆ ಬಿತ್ತು. ಬೋರ್ ನೀರನ್ನು ಉಳಿಸಿಕೊಂಡು ಫೆಬ್ರವರಿ ಮಧ್ಯಕ್ಕೆ ಬೀಜ ಹಾಕಿಸು. ಮಾರ್ಚ್ ನಡುವೆ ನಾಟಿ ಮಾಡಿದರೆ ಜೂನ್‌ಗೆ ಹಣ್ಣು. ಆ ಬೆಳೆಗೆ ಕಷ್ಟ ಜಾಸ್ತಿ. ಬಿಳಿ ನೊಣ, ಬಿಸಿಲು, ನೀರು ಮೂರೂ ಕಾಡುತ್ತವೆ. ಆದರೆ ಕಷ್ಟ ಇರುವುದಕ್ಕೇ ಅದಕ್ಕೆ ಬೆಲೆ.

ಪ್ರಶ್ನೆ: ಹವಾಮಾನ ಇಲಾಖೆ ಹಿಂಗಾರು ಸಾಮಾನ್ಯ ಅಂದರೆ ತರಕಾರಿ ಬೆಳೆಯುವವರು ಏನು ತಿಳಿಯಬೇಕು? ಎಲ್ ನಿನೊ, ಲಾ ನಿನಾ ಅಂತೆಲ್ಲ ಹೇಳುತ್ತಾರೆ. ಅದನ್ನು ನಂಬಿ ನಾಟಿ ಮಾಡಬಹುದಾ?
— ಮಾಲೂರಿನ ಓದುಗರು

ಸೆಪ್ಟೆಂಬರ್ ಕೊನೆಗೆ ಇಲಾಖೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ತಮಿಳುನಾಡು, ಕೇರಳ, ಕರಾವಳಿ ಆಂಧ್ರ, ರಾಯಲಸೀಮೆ ಜೊತೆಗೆ ನಮ್ಮ ದಕ್ಷಿಣ ಒಳನಾಡೂ ಸೇರಿರುತ್ತದೆ. ಅದು ಮೂರು ತಿಂಗಳ ಒಟ್ಟು ಮಳೆಯ ಲೆಕ್ಕ. ರಾಗಿ, ಕಡಲೆ ಬೆಳೆಯುವವರಿಗೆ ಅದು ಉಪಯೋಗ. ತರಕಾರಿಗೆ ಒಟ್ಟು ಮಳೆಗಿಂತ ಎಲೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಅನ್ನುವುದು ಮುಖ್ಯ. ಒಂದೇ ರಾತ್ರಿ ಜೋರಾಗಿ ಸುರಿದು ಬೆಳಿಗ್ಗೆ ಬಿಸಿಲು ಬಂದರೆ ಗಿಡ ತಡೆದುಕೊಳ್ಳುತ್ತದೆ. ಅಷ್ಟೇ ಮಳೆ ಐದು ದಿನ ಜಿಟಿಜಿಟಿ ಹಿಡಿದರೆ ರೋಗ ಖಂಡಿತ. ಸಾಮಾನ್ಯ ಅನ್ನುವ ಒಂದು ಮಾತಿನೊಳಗೆ ಇವೆರಡೂ ಇರುತ್ತವೆ.

ಎಲ್ ನಿನೊ ಅಂದರೆ ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾಗುವುದು, ಲಾ ನಿನಾ ಅಂದರೆ ತಂಪಾಗುವುದು. ಎಲ್ ನಿನೊ ವರ್ಷದಲ್ಲಿ ಮುಂಗಾರು ಸೊರಗುವುದೂ ಹಿಂಗಾರು ಚೆನ್ನಾಗಿರುವುದೂ ಜಾಸ್ತಿ. ಲಾ ನಿನಾ ಇದ್ದರೆ ಹಿಂಗಾರು ಕಡಿಮೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಮೇಲೆ ಹೇಳಿದ 2021 ಇತ್ತಲ್ಲ, ಅದು ಲಾ ನಿನಾ ವರ್ಷವೇ. ಹಾಗಾಗಿ ಅದನ್ನು ನಂಬಿ ಬೆಳೆ ಆರಿಸಬೇಡಿ. ಹಿಂಗಾರು ಜಾಸ್ತಿ ಅಂತ ಬಂದರೆ ಬೆಡ್ ಎತ್ತರಿಸಿ, ಸಾಲಿನಿಂದ ಸಾಲಿಗೆ ಅಂತರ ಬಿಡಿ, ತಗ್ಗಿನ ಹೊಲ ಬಿಟ್ಟು ಮೇಲಿನ ಹೊಲಕ್ಕೆ ನಾಟಿ ಮಾಡಿ. ದಿನನಿತ್ಯದ ಕೆಲಸಕ್ಕೆ ಮೇಘದೂತ್ ಆ್ಯಪ್ ನೋಡಿ, ಮಂಗಳವಾರ ಮತ್ತು ಶುಕ್ರವಾರ ಜಿಲ್ಲೆಯ ಕೃಷಿ ಸಲಹೆ ಬರುತ್ತದೆ. ರಾಜ್ಯದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಕಡೆಯ ಮಳೆ ವಿಷಯ ಹೇಳುತ್ತಾರೆ. ಔಷಧ ಹೊಡೆಯುವ ಮುಂಚೆ, ಗೊಬ್ಬರ ಬಿಡುವ ಮುಂಚೆ ಇದನ್ನು ಕೇಳಿಕೊಂಡರೆ ದುಡ್ಡು ಉಳಿಯುತ್ತದೆ.

ಪ್ರಶ್ನೆ: ಅಕ್ಕಾರ, ಮಹಾಬಳೇಶ್ವರಕ್ಕೆ ಹೋದಾಗ ಸ್ಟ್ರಾಬೆರಿ ತೋಟ ನೋಡಿ ಬಂದೆ. ನಮ್ಮಲ್ಲೂ ಚಳಿಗಾಲ ಚೆನ್ನಾಗಿದೆ. ಒಂದು ಎಕರೆ ಹಾಕಬೇಕು ಅಂತ ಮನಸ್ಸಿದೆ. ನಡೆಯುತ್ತದಾ?
— ಬೆಳಗಾವಿ ತಾಲ್ಲೂಕಿನ ಯುವ ರೈತರು

ನಡೆಯುತ್ತದೆ ಅಣ್ಣಾ, ಆದರೆ ಒಂದು ಎಕರೆ ಬೇಡ. ಐದು ಗುಂಟೆಯಿಂದ ಶುರು ಮಾಡಿ.

ಕಾರಣ ಹೇಳುತ್ತೇನೆ. ನಮ್ಮ ದೇಶದ ಸ್ಟ್ರಾಬೆರಿಯಲ್ಲಿ ಬಹುಪಾಲು ಮಹಾಬಳೇಶ್ವರ, ಪಂಚಗಣಿಯದ್ದೇ. 2010ರಲ್ಲಿ ಅದಕ್ಕೆ ಜಿಐ, ಅಂದರೆ ಊರಿನ ಹೆಸರಿನ ಗುರುತಿನ, ಮಾನ್ಯತೆಯೂ ಸಿಕ್ಕಿತು. ಅಲ್ಲಿಯವರು ಹೊರದೇಶದಿಂದ ತಾಯಿ ಗಿಡ ತರಿಸಿ, ಮಳೆಗಾಲದಲ್ಲಿ ಅದರ ಬಳ್ಳಿಯಿಂದ ರನ್ನರ್ ಸಸಿ ಮಾಡಿ, ಸೆಪ್ಟೆಂಬರ್‌ನಲ್ಲಿ ನಾಟಿ ಶುರು ಮಾಡುತ್ತಾರೆ. ನಿಮಗೂ ಸಸಿ ಆ ಕಡೆಯಿಂದಲೇ ಬರಬೇಕು. ಎಕರೆಗೆ 22 ರಿಂದ 24 ಸಾವಿರ ಸಸಿ ಬೇಕು. ಐದು ಗುಂಟೆಗಾದರೆ 3 ಸಾವಿರ ಸಾಕು. ಸಸಿ, ಮಲ್ಚಿಂಗ್ ಪೇಪರ್, ಡ್ರಿಪ್, ಬಾಕ್ಸ್ ಎಲ್ಲದಕ್ಕೂ ಹಣ್ಣು ಬರುವ ಮುಂಚೆಯೇ ಕೈಯಿಂದ ಹಾಕಬೇಕು. ಮೊದಲ ವರ್ಷ ಕಲಿಯುವುದಕ್ಕೆ ಐದು ಗುಂಟೆ ಧಾರಾಳವಾಯಿತು.

ಸಸಿ ಬುಕ್ ಮಾಡುವ ಮುಂಚೆ ಬೋರ್ ನೀರು ಪರೀಕ್ಷೆ ಮಾಡಿಸಿ. ನೀರಿನ ಉಪ್ಪನ್ನು ಸ್ಟ್ರಾಬೆರಿಯಷ್ಟು ತಡೆಯದ ಬೆಳೆ ಕಡಿಮೆ. ವರದಿಯಲ್ಲಿ ಇಸಿ, ಅಂದರೆ ನೀರಿನ ಉಪ್ಪಿನ ಅಳತೆ, 1ರ ಒಳಗಿದ್ದರೆ ಮುಂದುವರಿಯಿರಿ, ಜಾಸ್ತಿ ಇದ್ದರೆ ಬಿಟ್ಟುಬಿಡಿ. ನಮ್ಮ ಕೋಲಾರದ ಕಡೆ ಆಸೆ ಇದ್ದರೂ ಎಷ್ಟೋ ಜನ ಇದಕ್ಕೇ ಹಿಂದೆ ಸರಿಯುತ್ತಾರೆ. ಮಣ್ಣಿನ ಹುಳಿ ಅಳೆಯುವ ಪಿಎಚ್ 5.5 ರಿಂದ 6.5 ಇದ್ದರೆ ಒಳ್ಳೆಯದು. ಬೆಳಗಾವಿಯಿಂದ ಖಾನಾಪುರದ ಕಡೆಯ ಕೆಂಪು ಮಣ್ಣಾದರೆ ಚಿಂತೆಯಿಲ್ಲ. ಪೂರ್ವದ ಎರೆ ಹೊಲದಲ್ಲಿ ಸುಮ್ನೆ ಕೈ ಹಾಕಬೇಡಿ.

ಈ ಗಿಡಕ್ಕೆ ಹಗಲು ಚಿಕ್ಕದಾಗಿ ರಾತ್ರಿ ತಂಪಾದಾಗ ಹೂ ಬರುತ್ತದೆ. ನಿಮ್ಮಲ್ಲಿ ಮಳೆ ಹಿಂದೆ ಸರಿಯುವುದನ್ನು ನೋಡಿಕೊಂಡು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದೊಳಗೆ ನಾಟಿ ಮುಗಿಸಿ. ತಡವಾದರೆ ಚಳಿಯ ದಿನಗಳು ಗಿಡ ಬೆಳೆಯುವುದರಲ್ಲೇ ಹೋಗುತ್ತವೆ. ಫೆಬ್ರವರಿ ಕೊನೆಗೆ ಬಿಸಿಲು ಏರಿದ ಮೇಲೆ ಹಣ್ಣು ಸಣ್ಣದಾಗುತ್ತದೆ, ನುಸಿ ಕಾಟವೂ ಶುರುವಾಗುತ್ತದೆ. ನಾಟಿ ಮಾಡುವಾಗ ಗಿಡದ ಸುಳಿ ಮಣ್ಣಿನ ಮಟ್ಟಕ್ಕೇ ಇರಬೇಕು. ಹೂತರೆ ಕೊಳೆಯುತ್ತದೆ, ಮೇಲಾದರೆ ಬೇರು ಒಣಗುತ್ತದೆ. ಕೂಲಿಯವರಿಗೆ ಇದನ್ನು ಹೇಳಿ ಬಿಟ್ಟರೆ ಸಾಲದು, ಮೊದಲ ಸಾಲನ್ನು ನೀವೇ ನೆಟ್ಟು ತೋರಿಸಿ. ಮೊದಲ ವಾರ ತುಂತುರು ನೀರು ಕೊಡಿ, ಆಮೇಲೆ ಡ್ರಿಪ್ ಮಾತ್ರ. ಹೂ ಬಿಟ್ಟ ಮೇಲೆ ಜೇನುಹುಳಕ್ಕೆ ತೊಂದರೆಯಾಗುವ ಔಷಧ ಹೊಡೆಯಬೇಡಿ. ಜೇನು ಸರಿಯಾಗಿ ಓಡಾಡದಿದ್ದರೆ ಹಣ್ಣು ಸೊಟ್ಟಗಾಗುತ್ತದೆ, ಸೊಟ್ಟ ಹಣ್ಣನ್ನು ಯಾರೂ ಬಾಕ್ಸ್‌ಗೆ ಹಾಕುವುದಿಲ್ಲ. ವಿಂಟರ್ ಡಾನ್ ಬೇಗ ಬರುವ ತಳಿ. ಕಾಮರೋಸಾ ಹಣ್ಣು ಗಟ್ಟಿ, ದೂರಕ್ಕೆ ಕಳಿಸಲು ಆಗುತ್ತದೆ.

ಮಾರಾಟ ಎಲ್ಲಿ ಅನ್ನುವುದನ್ನು ನೀವು ಬರೆದಿಲ್ಲ. ನನ್ನನ್ನು ಕೇಳಿದರೆ ನಾಟಿಗೆ ಮುಂಚೆ ತೀರ್ಮಾನವಾಗಬೇಕಾದ್ದು ಅದೇ. ಈ ಹಣ್ಣು ಬಿಡಿಸಿದ ಮೇಲೆ ಎರಡು ದಿನ ಕಾಯುವುದಿಲ್ಲ. ಪುಣೆ, ಮುಂಬೈಯಲ್ಲಿ ಮಹಾಬಳೇಶ್ವರದವರ ಜೊತೆ ಪೈಪೋಟಿ ನಿಮಗೆ ಬೇಡ. ನಿಮಗೆ ಗೋವಾ ಇದೆ. ಬೆಳಗಾವಿಯ ತರಕಾರಿ ದಿನಾ ಘಟ್ಟ ಇಳಿದು ಅಲ್ಲಿಗೇ ಹೋಗುತ್ತದೆ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್, ಹೊಸ ವರ್ಷಕ್ಕೆ ಅಲ್ಲಿ ಹೋಟೆಲ್ಲುಗಳು ತುಂಬಿರುತ್ತವೆ, ನಿಮ್ಮ ಮೊದಲ ಹಣ್ಣೂ ಆಗಲೇ ಬರುತ್ತದೆ. ಈಗಲೇ ಹೋಗಿ ನಾಲ್ಕು ಹೋಟೆಲ್, ಎರಡು ಬೇಕರಿಯವರ ಹತ್ತಿರ ಮಾತಾಡಿ ಬನ್ನಿ. ವಾರಕ್ಕೆ ಎಷ್ಟು ಬೇಕು ಅಂತ ಅವರು ಹೇಳಿದ ಮೇಲೆ ಐದು ಗುಂಟೆಯೋ ಹತ್ತು ಗುಂಟೆಯೋ ಅಂತ ಲೆಕ್ಕ ಹಾಕಿ.

ಪ್ರಶ್ನೆ: ಮುಂಗಾರಿನ ಈರುಳ್ಳಿ ಕೀಳುವ ಹೊತ್ತಿಗೆ ರೇಟು ಬೀಳುತ್ತದೆ. ಎರಡು ತಿಂಗಳು ಇಟ್ಟು ಮಾರಬಹುದಾ?
— ರೋಣ ತಾಲ್ಲೂಕಿನ ಓದುಗರು

ಬೇಡ. ಮುಂಗಾರಿನ ಗೆಡ್ಡೆಯಲ್ಲಿ ನೀರಿನಂಶ ಜಾಸ್ತಿ, ಕುತ್ತಿಗೆ ದಪ್ಪ. ಇಟ್ಟರೆ ಕೊಳೆಯುತ್ತದೆ, ಇಲ್ಲವೇ ಮೊಳಕೆ ಬರುತ್ತದೆ. ಮಳೆ ಬಿಡುವು ಕೊಟ್ಟಾಗ ಕಿತ್ತು, ಒಂದು ಸಾಲಿನ ಗೆಡ್ಡೆ ಮೇಲೆ ಇನ್ನೊಂದು ಸಾಲಿನ ಎಲೆ ಬರುವ ಹಾಗೆ ಹರಡಿ. ಮೂರು ನಾಲ್ಕು ದಿನ ಒಣಗಿಸಿ ಮಾರಿಬಿಡಿ. ಇಟ್ಟು ಮಾರುವ ಆಸೆ ಇದ್ದರೆ, ನೀರಿನ ಅನುಕೂಲವೂ ಇದ್ದರೆ, ಈಗ ಅದಕ್ಕೆ ಬೇರೆ ಸಸಿ ಮಡಿ ಮಾಡಿ. ಸೆಪ್ಟೆಂಬರ್ ಕೊನೆಗೆ ಅರ್ಕಾ ನಿಕೇತನ್ ತರಹದ ತಳಿಯ ಬೀಜ ಚೆಲ್ಲಿ, ನವೆಂಬರ್‌ನಲ್ಲಿ ನಾಟಿ ಮಾಡಿ. ಮಾರ್ಚ್ ಹೊತ್ತಿಗೆ ಕೀಳುವ ಆ ಗೆಡ್ಡೆ ಗಾಳಿಯಾಡುವ ಕಡೆ ಇಟ್ಟರೆ ನಾಲ್ಕು ತಿಂಗಳು ತಡೆಯುತ್ತದೆ. ಕೀಳುವ ಹತ್ತು ಹದಿನೈದು ದಿನ ಮುಂಚೆ ನೀರು ನಿಲ್ಲಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಮೇಡಂ, ನಮ್ಮ ಆಲೂಗಡ್ಡೆ ಈ ಸಲ ಅಂಗಮಾರಿಗೆ ಹೋಯಿತು. ಅದೇ ಒಂದು ಎಕರೆಗೆ ಈಗ ಟೊಮೆಟೊ ಹಾಕಿ ನಷ್ಟ ತುಂಬಿಕೊಳ್ಳೋಣ ಅಂತ ಮನೆಯವರು ಹೇಳುತ್ತಾರೆ. ನನಗೆ ಭಯ.
— ಹಾಸನ ಜಿಲ್ಲೆಯ ಗೃಹಿಣಿ

ತಂಗೀ, ನಿನ್ನ ಭಯವೇ ಸರಿ. ಆಲೂಗಡ್ಡೆ, ಟೊಮೆಟೊ ಎರಡೂ ಒಂದೇ ಕುಟುಂಬದ ಗಿಡಗಳು. ಆಲೂಗಡ್ಡೆ ಸುಟ್ಟ ಅಂಗಮಾರಿಯೇ ಟೊಮೆಟೊಗೂ ಬರುತ್ತದೆ. ಸೊರಗು ರೋಗದ ದುಂಡಾಣು ಆ ಮಣ್ಣಿನಲ್ಲಿದ್ದರೆ ಅದೂ ಕಾಯುತ್ತಿರುತ್ತದೆ. ಬದನೆ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿಯೂ ಅದೇ ಕುಟುಂಬ. ಈ ಸಲ ಅವು ಯಾವುದೂ ಆ ಹೊಲಕ್ಕೆ ಬೇಡ.

ಅರ್ಧ ಎಕರೆಗೆ ಬೀನ್ಸ್ ಬಿತ್ತಿಸು. 50 ದಿನಕ್ಕೆ ಕಾಯಿ ಬಿಡಿಸಬಹುದು, ಕೈಗೆ ಬೇಗ ದುಡ್ಡು ಬರುತ್ತದೆ, ಮಣ್ಣಿಗೂ ಒಳ್ಳೆಯದು. ಇನ್ನರ್ಧಕ್ಕೆ ಹೂಕೋಸು. ಆದರೆ ಸಸಿ ತರುವಾಗ ಇದು ಯಾವ ತಿಂಗಳ ತಳಿ ಅಂತ ಕೇಳಲೇಬೇಕು. ಹೂಕೋಸಿಗೆ ಪ್ರತಿ ತಳಿಗೂ ಅದರದ್ದೇ ತಂಪು ಬೇಕು. ಬೇಗ ಬರುವ ತಳಿಯನ್ನು ಚಳಿಗೆ ನೆಟ್ಟರೆ ಅಂಗಿ ಗುಂಡಿಯಷ್ಟು ಪುಟ್ಟ ಹೂ ಬಿಟ್ಟು ನಿಲ್ಲುತ್ತದೆ. ಚಳಿಯ ತಳಿಯನ್ನು ಬೇಗ ನೆಟ್ಟರೆ ಬರೀ ಎಲೆ ಬೆಳೆಯುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ನಾಟಿ, ಡಿಸೆಂಬರ್ ಕೊಯ್ಲು ಅಂತ ತಾರೀಖು ಹೇಳಿಯೇ ಸಸಿ ಕೇಳು. ತಾರೀಖು ಕೇಳದೆ ಸಸಿ ಕೊಡುವ ನರ್ಸರಿಯಿಂದ ತರಬೇಡ.

ಬಿತ್ತನೆಗೆ ಮುಂಚೆ ಇನ್ನೊಂದು ಕೆಲಸ ಇದೆ. ಹೊಲದಲ್ಲಿ ಉಳಿದ ಕೊಳೆತ ಗೆಡ್ಡೆಗಳನ್ನೂ ತಾವಾಗಿ ಹುಟ್ಟಿದ ಆಲೂ ಗಿಡಗಳನ್ನೂ ಆಯ್ದು, ಹೊಲದಿಂದ ಹೊರಗೆ ಗುಂಡಿ ತೆಗೆದು ಹೂಳಿಸು. ತಿಪ್ಪೆಗೆ ಮಾತ್ರ ಹಾಕಬೇಡ, ಗೊಬ್ಬರದ ಜೊತೆ ರೋಗವೂ ಹೊಲಕ್ಕೇ ವಾಪಸ್ ಬರುತ್ತದೆ.