ಫಾದರ್ ಕೇಳಿದ ಪ್ರಶ್ನೆ

ಓದುಗರ ಪತ್ರ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಜೆರ್ಸಿ ಸಿಟಿಯ ಸೇಂಟ್ ಆಂಥನಿ ಹೈಸ್ಕೂಲಿನ ಬಗ್ಗೆ ಅರ್ಧ ಪುಟ ಬರೆದಿದ್ದೀರಿ. ಸ್ವಂತ ಅಂಗಳವೇ ಇಲ್ಲದ ಪುಟ್ಟ ಕ್ಯಾಥೋಲಿಕ್ ಶಾಲೆ ಬಾಸ್ಕೆಟ್‌ಬಾಲಿನಲ್ಲಿ ಇಡೀ ದೇಶಕ್ಕೆ ಮೊದಲಾದ ಕಥೆ. ನಾನು ಅನುದಾನಿತ ಕ್ಯಾಥೋಲಿಕ್ ಪ್ರೌಢಶಾಲೆಯೊಂದರಲ್ಲಿ ಪಿ.ಟಿ. ಮಾಸ್ಟ್ರಾಗಿದ್ದು ನಿವೃತ್ತನಾದವನು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚುವ ಮಾತು ಬಂದಿದೆ. ನಿಮ್ಮ ಲೇಖನ ಹಿಡಿದುಕೊಂಡು ಸಂಚಾಲಕರಾದ ಫಾದರ್ ಹತ್ತಿರ ಹೋಗಿ, ‘ಒಳ್ಳೆಯ ವಾಲಿಬಾಲ್ ತಂಡ ಕಟ್ಟೋಣ, ಹೆಸರು ಬಂದರೆ ಮಕ್ಕಳು ಬರುತ್ತಾರೆ, ಶಾಲೆ ಉಳಿಯುತ್ತದೆ’ ಎಂದೆ. ಅವರು ಪೂರ್ತಿ ಓದಿ, ‘ಮಾಸ್ಟ್ರೇ, ಆ ಶಾಲೆ ಈಗ ಹೇಗಿದೆ?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ನೀವೂ ಬರೆದಿರಲಿಲ್ಲ. ಹೇಗಿದೆ? ಇನ್ನೊಂದು ಮಾತು. ನಮ್ಮ ನೆಟ್ ಹರಿದಿದೆ. ಹಳೆ ವಿದ್ಯಾರ್ಥಿಗಳಿಗೆ ಪತ್ರ ಬರೆಯಬೇಕೆಂದಿದ್ದೇನೆ. ಏನೆಂದು ಬರೆಯಲಿ?

— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ದಕ್ಷಿಣ ಕನ್ನಡ

ಸಂಪಾದಕರ ಉತ್ತರ

ಮಾಸ್ಟ್ರೇ,

ಆ ಶಾಲೆ ಈಗ ಇಲ್ಲ. 2017ರಲ್ಲಿ ಮುಚ್ಚಿತು.

ಜಾಗ ಸಾಲದೆ ಆ ಸಾಲು ಬಿಟ್ಟೆವು ಎಂದು ಹೇಳಿ ನುಣುಚಿಕೊಳ್ಳಬಹುದು. ಆದರೆ ನಿಜ ಅದಲ್ಲ. ಗೆದ್ದವರ ಕಥೆಯನ್ನು ಗೆದ್ದಲ್ಲಿಗೇ ನಿಲ್ಲಿಸುವುದು ನಮ್ಮ ಕಸುಬಿನ ಹಳೆಯ ಚಾಳಿ. ಫಾದರ್ ಅದನ್ನು ಹಿಡಿದುಬಿಟ್ಟರು. ತಿಂಗಳ ಕೊನೆಗೆ ಕರೆಂಟು ಬಿಲ್ಲು ಕಟ್ಟುವವರ ಬಾಯಲ್ಲಷ್ಟೇ ಬರುವ ಪ್ರಶ್ನೆ ಅದು. ಹಾಗಾಗಿ ಅಂದು ಬರೆಯದ್ದನ್ನು ಇಂದು ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ನ್ಯೂಯಾರ್ಕಿನ ಮ್ಯಾನ್‌ಹಟನ್‌ನಿಂದ ಹಡ್ಸನ್ ನದಿ ದಾಟಿದರೆ ಸಿಗುವ ಊರು ಜೆರ್ಸಿ ಸಿಟಿ. ಪೋಲೆಂಡಿನಿಂದ ಬಂದ ದುಡಿಯುವ ಕುಟುಂಬಗಳು ಅಲ್ಲಿ ಸೇಂಟ್ ಆಂಥನಿ ಚರ್ಚ್ ಕಟ್ಟಿಕೊಂಡವು. 1952ರಲ್ಲಿ ಆ ಚರ್ಚಿನ ನೆರಳಲ್ಲೇ ಹೈಸ್ಕೂಲು ಹುಟ್ಟಿತು. ಪಾಠ ಹೇಳಿದವರು ಫೆಲಿಷಿಯನ್ ಸಭೆಯ ಸನ್ಯಾಸಿನಿಯರು, ಅಂದರೆ ಸಿಸ್ಟರ್‌ಗಳು. ಈ ಸಿಸ್ಟರ್‌ಗಳನ್ನು ನೆನಪಿಟ್ಟುಕೊಳ್ಳಿ, ಕಥೆಯ ಗುಟ್ಟು ಇರುವುದು ಅವರಲ್ಲಿ.

ಶಾಲೆಗೆ ಜಿಮ್ ಇರಲಿಲ್ಲ. ಅಮೆರಿಕದಲ್ಲಿ ಜಿಮ್ ಎಂದರೆ ನಮ್ಮ ಹಾಗೆ ತೂಕ ಎತ್ತುವ ಕೋಣೆಯಲ್ಲ, ಮರದ ನೆಲದ ಒಳಾಂಗಣ. ಬಾಸ್ಕೆಟ್‌ಬಾಲ್ ಶಾಲೆಗೆ ಅದಿಲ್ಲ ಎಂದರೆ ಗದ್ದೆಯಿಲ್ಲದವನಿಗೆ ಕೋಣ ಓಡಿಸುವ ಹಂಬಲ ಇದ್ದ ಹಾಗೆ. ಹುಡುಗರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ವೈಟ್ ಈಗಲ್ ಹಾಲ್ ಎಂಬ ಹಳೆಯ ಸಭಾಭವನದಲ್ಲಿ. ಬಿಳಿ ಹದ್ದು ಪೋಲೆಂಡಿನ ಲಾಂಛನ. ಅಲ್ಲಿ ಬಿಂಗೋ ನಡೆಯುತ್ತಿತ್ತು. ಬಿಂಗೋ ಎಂದರೆ ನಿಮ್ಮ ಕಡೆಯ ಚರ್ಚ್ ಹಬ್ಬಗಳ ಹೌಸಿಯ ಅಣ್ಣ. ಆ ಮೇಜು ಕುರ್ಚಿಗಳ ನಡುವೆಯೇ ಹುಡುಗರು ಜಾಗ ಮಾಡಿಕೊಳ್ಳಬೇಕಿತ್ತು. ತವರಿನ ಪಂದ್ಯವನ್ನೂ ಬೇರೆಯವರ ಅಂಗಳದಲ್ಲೇ ಆಡಿದರು.

ತರಬೇತುದಾರ ಬಾಬ್ ಹರ್ಲಿ ಅದೇ ಊರಿನವರು. ಅವರ ಹಗಲಿನ ನೌಕರಿ ಪ್ರೊಬೇಷನ್ ಅಧಿಕಾರಿಯದ್ದು. ಶಿಕ್ಷೆಗೆ ಗುರಿಯಾದವರು ಮತ್ತೆ ದಾರಿ ತಪ್ಪದಂತೆ ಕಾಯುವ ಕೆಲಸ. ಬೆಳಿಗ್ಗೆ ಎಡವಿದವರ ಮನೆ ಬಾಗಿಲು ತಟ್ಟುವುದು, ಸಂಜೆ ಇನ್ನೂ ಎಡವದ ಹುಡುಗರನ್ನು ಸುಸ್ತಾಗುವವರೆಗೆ ಓಡಿಸುವುದು. 1972ರಲ್ಲಿ ಮುಖ್ಯ ತರಬೇತುದಾರರಾದವರು ಶಾಲೆ ಮುಚ್ಚುವವರೆಗೂ ಕದಲಲಿಲ್ಲ. ಕಾಲೇಜುಗಳಿಂದ ಕರೆ ಬಂದಾಗಲೂ ಹೋಗಲಿಲ್ಲ. ಗೆದ್ದದ್ದು 1,184 ಪಂದ್ಯ, ಸೋತದ್ದು 125. ರಾಜ್ಯ ಪ್ರಶಸ್ತಿ 28. ರಾಷ್ಟ್ರಮಟ್ಟದ ಪಟ್ಟಿಯಲ್ಲಿ ನಾಲ್ಕು ಸಲ ಮೊದಲ ಸ್ಥಾನ. 1989ರ ಅಜೇಯ ತಂಡದಲ್ಲಿ ಅವರ ಮಗ ಬಾಬಿಯೇ ಆಡಿದ್ದ. ಮುಂದೆ ಡ್ಯೂಕ್ ವಿಶ್ವವಿದ್ಯಾಲಯಕ್ಕೆ 1991 ಮತ್ತು 1992ರಲ್ಲಿ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟ ಹುಡುಗ ಅವನು. ಕಿರಿಯ ಮಗ ಡ್ಯಾನ್ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತರಬೇತುದಾರರಾಗಿ 2023 ಮತ್ತು 2024ರಲ್ಲಿ ಸತತ ಎರಡು ಸಲ ಅದೇ ಪ್ರಶಸ್ತಿ ಗೆದ್ದರು. ಅಪ್ಪನ ಹೆಸರು 2010ರಲ್ಲಿ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್, ಅಂದರೆ ಆ ಆಟದ ದಿಗ್ಗಜರ ಗೌರವ ಪಟ್ಟಿ, ಸೇರಿತು. ಹೈಸ್ಕೂಲಿನಲ್ಲೇ ಉಳಿದವರಿಗೆ ಆ ಬಾಗಿಲು ತೆರೆಯುವುದು ತೀರ ಅಪರೂಪ.

ಇಲ್ಲಿಯವರೆಗಿನದನ್ನು ನೀವು ಓದಿದ್ದೀರಿ. ಫಾದರ್ ಕೈಗೆ ಕೊಟ್ಟದ್ದೂ ಇದನ್ನೇ.

ಈಗ 2011ರ ಮಾರ್ಚ್ ತಿಂಗಳಿಗೆ ಬನ್ನಿ. ನ್ಯೂಜೆರ್ಸಿಯಲ್ಲಿ ಒಂದು ಹೈಸ್ಕೂಲು ಪಂದ್ಯ. ಒಂದು ಕಡೆ ಸೇಂಟ್ ಆಂಥನಿ, ಇನ್ನೊಂದು ಕಡೆ ಎಲಿಜಬೆತ್ ಊರಿನ ಸೇಂಟ್ ಪ್ಯಾಟ್ರಿಕ್. ಎರಡೂ ಕ್ಯಾಥೋಲಿಕ್, ಎರಡೂ ಚಿಕ್ಕವು, ಆ ವರ್ಷ ಎರಡೂ ಸೋಲು ಕಂಡಿರಲಿಲ್ಲ. ಇಡೀ ಅಮೆರಿಕದ ಪಟ್ಟಿಯಲ್ಲಿ ಮೊದಲ ಎರಡು ಸ್ಥಾನ ಈ ಎರಡು ಶಾಲೆಗಳದ್ದೇ. ಸೇಂಟ್ ಆಂಥನಿ ಗೆದ್ದಿತು. ಮರುವರ್ಷ, 2012ರಲ್ಲಿ, ಸೇಂಟ್ ಪ್ಯಾಟ್ರಿಕ್ ಮುಚ್ಚಿತು. ಅದರ ಜನ ಚರ್ಚಿನ ಆಸರೆಯಿಲ್ಲದೆ ಬೇರೆ ಹೆಸರಿನಲ್ಲಿ ಸ್ವತಂತ್ರ ಶಾಲೆ ತೆರೆದುಕೊಂಡರು. ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ತಾರೆ ಕೈರಿ ಇರ್ವಿಂಗ್ ಮುಚ್ಚುವುದಕ್ಕೆ ಎರಡೇ ವರ್ಷ ಮೊದಲು ಅಲ್ಲಿಂದ ಹೊರಬಂದಿದ್ದ. ಸೇಂಟ್ ಆಂಥನಿ ಇನ್ನೈದು ವರ್ಷ ಎಳೆಯಿತು. 2016ರಲ್ಲಿ ಆಡಿದ 32 ಪಂದ್ಯಗಳಲ್ಲಿ 32ನ್ನೂ ಗೆದ್ದಿತು. ಮರುವರ್ಷದ ಏಪ್ರಿಲ್‌ನಲ್ಲಿ ಆ ಸೀಮೆಯ ಕ್ಯಾಥೋಲಿಕ್ ಚರ್ಚುಗಳ ಆಡಳಿತವಾದ ನೆವಾರ್ಕ್ ಮಹಾಧರ್ಮಪ್ರಾಂತ್ಯ ಬೀಗ ಹಾಕುವುದಾಗಿ ಪ್ರಕಟಿಸಿತು. ದೇಶದ ಮೊದಲ ಮತ್ತು ಎರಡನೆಯ ತಂಡ, ಏಳು ವರ್ಷದೊಳಗೆ ಎರಡರ ಶಾಲೆಯೂ ಇಲ್ಲ.

ಇದು ಹೊಸದಲ್ಲ. ನ್ಯೂಯಾರ್ಕಿನಲ್ಲಿ ಪವರ್ ಮೆಮೋರಿಯಲ್ ಎಂಬ ಕ್ಯಾಥೋಲಿಕ್ ಗಂಡುಮಕ್ಕಳ ಶಾಲೆ ಇತ್ತು. 1960ರ ದಶಕದಲ್ಲಿ ಅಲ್ಲಿ ಏಳಡಿಯ ಹುಡುಗನೊಬ್ಬ ಆಡುತ್ತಿದ್ದ. ಆಗ ಲ್ಯೂ ಅಲ್ಸಿಂಡರ್, ಆಮೇಲೆ ಜಗತ್ತಿಗೇ ಕರೀಮ್ ಅಬ್ದುಲ್ ಜಬ್ಬಾರ್. ಸತತ 71 ಪಂದ್ಯ ಗೆದ್ದಿದ್ದ ಆ ಶಾಲೆಯನ್ನು 1965ರ ಜನವರಿಯಲ್ಲಿ ಮೇರಿಲ್ಯಾಂಡಿನ ಡಿಮಾಥಾ ಎಂಬ ಇನ್ನೊಂದು ಕ್ಯಾಥೋಲಿಕ್ ಶಾಲೆ 46–43ರಿಂದ ಸೋಲಿಸಿತು. ಡಿಮಾಥಾದ ಮಾರ್ಗನ್ ವೂಟನ್ ಅದಕ್ಕೆ ಹೂಡಿದ ಉಪಾಯ ನಿಮಗೆ ಇಷ್ಟವಾಗುತ್ತದೆ. ಅಭ್ಯಾಸದಲ್ಲಿ ಟೆನ್ನಿಸ್ ರಾಕೆಟ್ ಎತ್ತಿ ಹಿಡಿಸಿ, ಅದರ ಮೇಲಿಂದ ಚೆಂಡು ಹಾರಿಸುವುದನ್ನು ತನ್ನ ಹುಡುಗರಿಗೆ ಕಲಿಸಿದರು. ಅಲ್ಸಿಂಡರನ ಕೈ ಅಷ್ಟೆತ್ತರಕ್ಕೆ ಏಳುತ್ತದೆ ಎಂಬ ಲೆಕ್ಕ. ಸಾಮಾನು ಇಲ್ಲದಿದ್ದರೆ ಇದ್ದದ್ದರಲ್ಲೇ ಪಾಠ ಮಾಡುವುದು ಪಿ.ಟಿ. ಮಾಸ್ಟ್ರುಗಳಿಗೆ ಯಾರೂ ಹೇಳಿಕೊಡಬೇಕಾದ್ದಲ್ಲ. ಇರಲಿ, ಕರೀಮನನ್ನು ಬೆಳೆಸಿದ ಪವರ್ ಮೆಮೋರಿಯಲ್ 1984ರಲ್ಲಿ ಮುಚ್ಚಿತು.

ಏಕೆ ಹೀಗೆ? ಈಗ ಸಿಸ್ಟರ್‌ಗಳ ಹತ್ತಿರ ಹೋಗೋಣ. 1965ರಲ್ಲಿ ಅಮೆರಿಕದಲ್ಲಿ ಸುಮಾರು 1,80,000 ಕ್ಯಾಥೋಲಿಕ್ ಸಿಸ್ಟರ್‌ಗಳಿದ್ದರು. ಇಂದು 40,000ಕ್ಕೂ ಕಡಿಮೆ. ಅವರು ಪಾಠ ಹೇಳಿದ್ದು ಊಟ, ವಸತಿ ಮತ್ತು ಕೈಖರ್ಚಿಗೆ. ಆ ಶಾಲೆಗಳ ಅಗ್ಗದ ಫೀಸಿನ ಹಿಂದಿದ್ದದ್ದು ಅವರ ಬಿಟ್ಟಿ ದುಡಿಮೆ. ಅವರು ವಯಸ್ಸಾಗಿ ಹೋದರು, ಹೊಸಬರು ಬರಲಿಲ್ಲ. ಅವರ ಕುರ್ಚಿಯಲ್ಲಿ ಕೂತ ಶಿಕ್ಷಕರಿಗೆ ಸಂಸಾರವಿತ್ತು, ಸಂಬಳ ಕೊಡಬೇಕಾಯಿತು. ಸಂಬಳ ಕೊಡಲು ಫೀಸು ಏರಿಸಬೇಕು. ಅಷ್ಟರಲ್ಲಿ ಚರ್ಚ್ ಕಟ್ಟಿದ ವಲಸಿಗರ ಮಕ್ಕಳು ಕೈಗೆ ಕಾಸು ಬಂದು ಹೊರವಲಯದ ಬಡಾವಣೆಗಳಿಗೆ ಹೋಗಿದ್ದರು. ಉಳಿದ ಬೆಂಚುಗಳಲ್ಲಿ ಕೂತವರು ಬಡ ಕಪ್ಪು ಮತ್ತು ಲ್ಯಾಟಿನೋ ಮಕ್ಕಳು, ಹಲವರು ಕ್ಯಾಥೋಲಿಕರೂ ಅಲ್ಲ. ಅವರ ಅಪ್ಪ ಅಮ್ಮಂದಿರಿಗೆ ಏರಿಸಿದ ಫೀಸು ಕೊಡಲಾಗದು. ಮೇಲಿಂದ ಸರ್ಕಾರದ ಹಣದಲ್ಲಿ ನಡೆಯುವ, ಫೀಸೇ ಇಲ್ಲದ ಚಾರ್ಟರ್ ಶಾಲೆಗಳು ಅದೇ ಬೀದಿಗಳಿಗೆ ಬಂದವು. 1960ರ ದಶಕದಲ್ಲಿ 50 ಲಕ್ಷ ದಾಟಿದ್ದ ಕ್ಯಾಥೋಲಿಕ್ ಶಾಲಾ ಮಕ್ಕಳ ಸಂಖ್ಯೆ ಈಗ 20 ಲಕ್ಷಕ್ಕಿಂತ ಕೆಳಗಿದೆ.

ಹರ್ಲಿಯವರ ಶಾಲೆಯಲ್ಲಿ ಕೊನೆಗೆ 200 ಮಕ್ಕಳೂ ಇರಲಿಲ್ಲ. ಫೀಸು ಖರ್ಚಿಗೆ ಸಾಲದು, ಉಳಿದದ್ದು ದಾನದಿಂದ ಬರಬೇಕು. ಹರ್ಲಿ ಭಾಷಣ ಮಾಡಿದರು, ಶಿಬಿರ ನಡೆಸಿದರು, ದಾನಿಗಳ ಔತಣಕೂಟಗಳಲ್ಲಿ ನಿಂತರು. ಆ ಖ್ಯಾತಿ ಇಲ್ಲದಿದ್ದರೆ ಶಾಲೆ ಬಹುಶಃ ಇನ್ನೂ ಮೊದಲೇ ಮುಚ್ಚುತ್ತಿತ್ತು, ನಿಮ್ಮ ವಾದಕ್ಕೆ ನಾನು ಕೊಡಬಲ್ಲದ್ದು ಅಷ್ಟು. ಆದರೆ ಹೈಸ್ಕೂಲು ಆಟದ ಟಿಕೆಟ್ ದುಡ್ಡಿನಿಂದ ಗಣಿತದ ಮೇಷ್ಟ್ರ ಸಂಬಳ ಹೊರಡುವುದಿಲ್ಲ. ಆಟಗಾರನಿಂದ ಕಾಲೇಜಿಗೆ ಹಣ, ಎನ್‌ಬಿಎಗೆ ಹಣ, ಶೂ ಕಂಪನಿಗೆ ಹಣ. ಅವನಿಗೆ ಬೀಜಗಣಿತ ಕಲಿಸಿದ ಕಟ್ಟಡಕ್ಕೆ ಬರುವುದು ಗೋಡೆಯ ಮೇಲೆ ತೂಗುಹಾಕುವ ಪತಾಕೆ. ಜಿಮ್ಮೇ ಇಲ್ಲದ ಸೇಂಟ್ ಆಂಥನಿಯಲ್ಲಿ ಅದಕ್ಕೂ ಸರಿಯಾದ ಗೋಡೆಯಿರಲಿಲ್ಲ.

ಹಾಗಾದರೆ ಆಟಕ್ಕೆ ಹೆಸರಾದ ಕ್ಯಾಥೋಲಿಕ್ ಶಾಲೆಗಳೆಲ್ಲ ಮುಚ್ಚುತ್ತಿವೆಯೇ ಎಂದರೆ ಇಲ್ಲ. ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡ್ ಊರಿನ ಡಿ ಲಾ ಸಾಲ್ ಶಾಲೆಯ ಫುಟ್ಬಾಲ್ ತಂಡ (ಅವರ ಫುಟ್ಬಾಲ್, ಕೈಯಲ್ಲಿ ಚೆಂಡು ಹಿಡಿದು ಓಡುವುದು) 1992ರಿಂದ 2004ರವರೆಗೆ ಸತತ 151 ಪಂದ್ಯ ಗೆದ್ದಿತು. ಆ ಶಾಲೆ ಗಟ್ಟಿಯಾಗಿದೆ. ಆದರೆ ಅದರ ಲೆಕ್ಕವನ್ನು ಹಿಂದಿನಿಂದ ನೋಡಿ. ಶಾಲೆ ತೆರೆದದ್ದು 1965ರಲ್ಲಿ. ಧರ್ಮಶಿಕ್ಷಣದ ತರಗತಿಯನ್ನೂ ತೆಗೆದುಕೊಳ್ಳುತ್ತಿದ್ದ ಬಾಬ್ ಲಾಡಸೂರ್ 1979ರಲ್ಲಿ ತರಬೇತುದಾರರಾಗಿ ಬರುವವರೆಗೆ ಒಂದು ವರ್ಷವಾದರೂ ಸೋಲಿಗಿಂತ ಗೆಲುವು ಹೆಚ್ಚಿರಲಿಲ್ಲ. ಅಂದರೆ ಸೋಲುತ್ತಲೇ 14 ವರ್ಷ ಬಾಳಿತ್ತು. ಫೀಸು ಕಟ್ಟಬಲ್ಲ ಮನೆಗಳು ಸುತ್ತ ಇದ್ದವು, ಆಟ ಆಮೇಲೆ ಬಂತು.

ಫಾದರ್‌ಗೆ ಹೇಳಬೇಕಾದ ಕಥೆ ಬೇರೆಯೇ ಇದೆ. ಸೇಂಟ್ ಆಂಥನಿಗೆ ಬೀಗ ಬಿದ್ದ ಅದೇ ನೆವಾರ್ಕ್ ಸೀಮೆಯದ್ದು. ನೆವಾರ್ಕ್ ನಗರದೊಳಗೆ ಬೆನೆಡಿಕ್ಟೈನ್ ಸನ್ಯಾಸಿಗಳ ಸೇಂಟ್ ಬೆನೆಡಿಕ್ಟ್ಸ್ ಎಂಬ ಶಾಲೆ 1972ರಲ್ಲಿ ಮುಚ್ಚಿತ್ತು. 1967ರ ಜನಾಂಗೀಯ ಗಲಭೆಯ ನಂತರ ಊರು ಖಾಲಿಯಾಗುತ್ತಿದ್ದ ಕಾಲ. ಕೆಲವು ಸನ್ಯಾಸಿಗಳೂ ಬೇರೆ ಮಠಕ್ಕೆ ಹೋದರು. ಉಳಿದವರು ಒಂದು ವರ್ಷ ಯೋಚಿಸಿ 1973ರಲ್ಲಿ ಮತ್ತೆ ಬಾಗಿಲು ತೆಗೆದರು, ಈ ಸಲ ನೆರೆಯ ಕಪ್ಪು ಹುಡುಗರಿಗಾಗಿ. ಶಾಲೆಯ ದಿನಚರಿಯ ಬಹುಪಾಲನ್ನು ಮಕ್ಕಳ ಕೈಗೇ ಕೊಟ್ಟರು. ಇಂದಿಗೂ ನಡೆಯುತ್ತಿದೆ. ಅಮೆರಿಕದ ಸಾಕರ್ (ನಮ್ಮ ಫುಟ್ಬಾಲ್) ತಂಡಕ್ಕೆ ಟ್ಯಾಬ್ ರಾಮೋಸ್, ಕ್ಲಾಡಿಯೊ ರೇನಾ ಅವರಂಥವರನ್ನು ಕೊಟ್ಟದ್ದು ಈ ಶಾಲೆ. ಮೇಲೆ ಹೇಳಿದ ಡ್ಯಾನ್ ಹರ್ಲಿ ತರಬೇತಿಯಲ್ಲಿ ಪಳಗಿದ್ದೂ ಇಲ್ಲೇ. ಆದರೆ ಅದನ್ನು ಉಳಿಸಿದ್ದು ಸಾಕರ್ ಅಲ್ಲ. ಆ ಸನ್ಯಾಸಿಗಳ ಮಠ ಶಾಲೆಯ ಆವರಣದಲ್ಲೇ ಇದೆ, ರಾತ್ರಿಯೂ ಅಲ್ಲೇ ಇರುತ್ತಾರೆ. ಹಳೆ ವಿದ್ಯಾರ್ಥಿಗಳು ಹಣ ಕೊಡುತ್ತಾರೆ. ಬಿಟ್ಟುಹೋಗಬಹುದಾಗಿದ್ದ ಜನ ಬಿಟ್ಟುಹೋಗಲಿಲ್ಲ.

ನಿಮ್ಮ ಶಾಲೆಗೆ ಸಂಬಳ ಸರ್ಕಾರದ ಅನುದಾನದಿಂದ ಬರುತ್ತದೆ, ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೆಹಾಗೇ ಕೂರುವುದಿಲ್ಲ. ಆದರೂ ಒಂದು ಕುತೂಹಲ. ನೀವು ನಿವೃತ್ತರಾದ ಮೇಲೆ ನಿಮ್ಮ ಹುದ್ದೆ ತುಂಬಿತೇ? ಪತ್ರದಲ್ಲಿ ಆ ಮಾತಿಲ್ಲ. ತುಂಬದಿದ್ದರೆ ನೀವು ಕಟ್ಟಹೊರಟ ತಂಡಕ್ಕೆ ಮೇಷ್ಟ್ರು ಯಾರು, ಸಂಬಳವಿಲ್ಲದ ನೀವೇ ತಾನೆ? ಹಾಗಿದ್ದರೆ ಸಿಸ್ಟರ್‌ಗಳ ಕುರ್ಚಿಯಲ್ಲಿ ಈಗ ನೀವು ಕೂತಿದ್ದೀರಿ, ಮತ್ತು ಆ ಕುರ್ಚಿ ನಿಮ್ಮ ಮೊಣಕಾಲು ಒಪ್ಪುವವರೆಗೆ ಮಾತ್ರ. ಫಾದರ್ ಬಳಿ ಮಾತಾಡುವಾಗ ತಂಡದ ವಿಷಯಕ್ಕಿಂತ ಮೊದಲು ಆ ಖಾಲಿ ಹುದ್ದೆಯ ವಿಷಯ ಎತ್ತಿ. ಮಕ್ಕಳ ಸಂಖ್ಯೆಯ ಪ್ರಶ್ನೆ ಬಸ್ಸಿನದ್ದು, ಕಲಿಸುವ ಭಾಷಾ ಮಾಧ್ಯಮದ್ದು, ಎಸ್ಸೆಸ್ಸೆಲ್ಸಿ ಫಲಿತಾಂಶದ್ದು. ನಿಮ್ಮ ಊರಿನ ತಾಯಂದಿರು ಜಿಲ್ಲಾ ಮಟ್ಟದ ಪಂದ್ಯಾಟದ ಶೀಲ್ಡ್ ನೋಡಿ ಮಗಳನ್ನು ಸೇರಿಸುತ್ತಾರೆಂದು ನನಗೆ ಅನಿಸುವುದಿಲ್ಲ. ಆ ಭಾರವನ್ನು ಹದಿನಾಲ್ಕು ವರ್ಷದ ಆರು ಹುಡುಗಿಯರ ತಲೆಯ ಮೇಲೆ ಹೊರಿಸುವುದೂ ಸರಿಯಲ್ಲ. ತಾಲೂಕು ಮಟ್ಟದಲ್ಲಿ ಸೋತು ಬಂದ ಸಂಜೆ, ‘ನಮ್ಮಿಂದ ಶಾಲೆ ಮುಚ್ಚುತ್ತದೆ’ ಎಂದು ಅವರಲ್ಲಿ ಒಬ್ಬಳು ಅತ್ತರೆ ನೀವೇನು ಹೇಳುತ್ತೀರಿ?

ತಂಡ ಮಾತ್ರ ಕಟ್ಟಿ. ನಾಲ್ಕು ಗಂಟೆಯ ಬೆಲ್ಲಾದ ಮೇಲೆ ಮಕ್ಕಳು ಆಡಬೇಕು, ಅದಕ್ಕೆ ಬೇರೆ ಕಾರಣ ಹುಡುಕಬೇಡಿ.

ಹಳೆ ವಿದ್ಯಾರ್ಥಿಗಳಿಗೆ ಬರೆಯುವ ಪತ್ರದ ಬಗ್ಗೆ ಕೇಳಿದ್ದೀರಿ. ಕರಡಿನಲ್ಲಿ ‘ಶಾಲೆಯನ್ನು ಉಳಿಸಲು’ ಎಂದಿದ್ದರೆ ಹೊಡೆದುಹಾಕಿ. ನೆಟ್ ಹರಿದಿದೆ, ಎರಡು ಚೆಂಡೂ ಬೇಕು, ಇಂತಿಷ್ಟು ರೂಪಾಯಿ ಎಂದು ಬರೆಯಿರಿ. ಕೆಳಗೆ ನಿಮ್ಮ ಸಹಿ ಇರಲಿ, ಅವರಿಗೆ ನಿಮ್ಮ ಸೀಟಿ ಇನ್ನೂ ನೆನಪಿರುತ್ತದೆ.

— ಸಂಪಾದಕ