ಸೀಲೆಂಟ್ ಮೊದಲು, ವ್ಯಾಕ್ಸ್ ಆಮೇಲೆ

ಕಾರಿನ ಪೇಂಟ್ ಕಾಪಾಡಲು ಸೀಲೆಂಟ್, ಕಾರ್ನಾಬಾ ವ್ಯಾಕ್ಸ್ ಎರಡನ್ನೂ ತಂದಿಟ್ಟಿದ್ದೀರಿ. ಯಾವುದು ಮೊದಲು, ನಾಲ್ಕೈದು ಪದರ ಹಚ್ಚಿದರೆ ರಕ್ಷಣೆ ಜಾಸ್ತಿಯಾಗುತ್ತಾ ಅಂತ ಕೇಳಿದ್ದೀರಿ. ಹೋದ ವಾರ ಬಲಗಡೆ ಬಾಗಿಲಿಗೆ ಹೊಸ ಪೇಂಟ್ ಮಾಡಿಸಿದ್ದೀರಿ ಅಂತಲೂ ಬರೆದಿದ್ದೀರಿ.

ಸೀಲೆಂಟ್ ಕೆಳಗೆ, ವ್ಯಾಕ್ಸ್ ಮೇಲೆ. ಇದನ್ನು ತಿರುಗಾಮುರುಗಾ ಮಾಡಬೇಡಿ. ಸೀಲೆಂಟ್ ಸಿಂಥೆಟಿಕ್ ಪಾಲಿಮರ್. ಅದು ಗಟ್ಟಿಯಾಗಿ ಕೂರಲು ಬಣ್ಣದ ಮೇಲಿನ ಬರಿಯ ಪಾರದರ್ಶಕ ಪದರ, ಅಂದರೆ ಕ್ಲಿಯರ್‌ಕೋಟ್ ಸಿಗಬೇಕು. ವ್ಯಾಕ್ಸಿನಲ್ಲಿ ಎಣ್ಣೆ ಅಂಶ ಇರುತ್ತದೆ, ಅದರ ಮೇಲೆ ಸೀಲೆಂಟ್ ಹಿಡಿಯುವುದಿಲ್ಲ. ನಾನು ಮೊದಲ ಸಲ ಹಾಗೇ ಮಾಡಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಬಾನೆಟ್ ಮೇಲೆ ಮಣಿಮಣಿಯಾಗಿ ನಿಲ್ಲುತ್ತಿದ್ದ ನೀರು ಚಪ್ಪಟೆಯಾಗಿ ಹರಡತೊಡಗಿತು. ಎಲ್ಲ ತೆಗೆದು ಮತ್ತೆ ಮೊದಲಿನಿಂದ ಹಚ್ಚಿದೆ.

ನಿಜವಾದ ಕೆಲಸ ಇರುವುದು ಹಚ್ಚುವುದಕ್ಕೆ ಮೊದಲು. ಕಾರು ತೊಳೆದು ಒರೆಸಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ ನೋಡಿ. ಕಣ್ಣಿಗೆ ಕನ್ನಡಿ ಥರ ಕಂಡದ್ದು ಬೆರಳಿಗೆ ರವೆ ಚೆಲ್ಲಿದ ಹಾಗೆ ತರಿತರಿಯಾಗಿ ಸಿಗುತ್ತದೆ. ಬ್ರೇಕ್ ಧೂಳು, ಮರದ ಅಂಟು ಎಲ್ಲ ಅಲ್ಲಿ ಕಚ್ಚಿಕೊಂಡಿರುತ್ತವೆ. ಅದನ್ನು ಕ್ಲೇ ಬಾರ್ ಅನ್ನುವ ಜೇಡಿಯಂಥ ಮೆತ್ತನೆ ಉಂಡೆಯಿಂದ, ಅದು ಜಾರುವಂತೆ ಮಾಡುವ ಲ್ಯೂಬ್ ದ್ರವ ಧಾರಾಳವಾಗಿ ಹೊಡೆದು, ಮೆಲ್ಲಗೆ ತೆಗೆಯಿರಿ. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ, ಅದಕ್ಕಂಟಿದ ಮರಳಿನ ಒಂದು ಕಣ ಸಾಕು ಗೀರು ಬೀಳಲು. ಕೊನೆಗೆ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ.

ನೆರಳಲ್ಲಿ, ಬಾನೆಟ್ ಮುಟ್ಟಿದರೆ ತಣ್ಣಗಿರುವಾಗ ಸೀಲೆಂಟ್ ಹಚ್ಚಿ. ದೋಸೆ ಕಾವಲಿಗೆ ಈರುಳ್ಳಿ ಹೋಳಿನಲ್ಲಿ ಎಣ್ಣೆ ಸವರುತ್ತೇವಲ್ಲ, ಅಷ್ಟೇ ತೆಳ್ಳಗೆ. ದಪ್ಪ ಹಚ್ಚಿದ್ದೆಲ್ಲ ಕೊನೆಗೆ ಬಟ್ಟೆಗೇ ಹೋಗುತ್ತದೆ. ಎಷ್ಟು ಹೊತ್ತಿಗೆ ಒರೆಸಬೇಕು ಅಂತ ಡಬ್ಬಿ ಮೇಲೆ ನೋಡಿ. ಒರೆಸಿ ಒಂದು ರಾತ್ರಿ ಬಿಡಿ. ಮಳೆ, ಇಬ್ಬನಿ ತಾಗಬಾರದು. ಮಾರನೇ ದಿನ ಎರಡನೇ ಪದರ ಹಚ್ಚಿ. ಅದು ದಪ್ಪ ಮಾಡಲಿಕ್ಕಲ್ಲ, ಮೊದಲ ಸಲ ಕೈತಪ್ಪಿದ ಜಾಗ ತುಂಬಲು. ಅದಕ್ಕಿಂತ ಜಾಸ್ತಿ ಹಚ್ಚುವುದು ಸುಮ್ನೆ ದುಡ್ಡು ದಂಡ.

ಆಮೇಲೆ ಕಾರ್ನಾಬಾ. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ ಇದು. ಇದು ಕರಗುವುದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಡಬ್ಬಿಯಲ್ಲಿ ಮಾತ್ರ ಬೇರೆ ಮೇಣ, ಎಣ್ಣೆ ಬೆರೆಸಿರುತ್ತಾರೆ. ಹಾಗಾಗಿ ನಮ್ಮ ಬಿಸಿಲಿಗೆ ಒಂದೆರಡು ತಿಂಗಳಲ್ಲಿ ಸವೆಯುತ್ತದೆ. ಆಗ ವ್ಯಾಕ್ಸ್ ಮಾತ್ರ ಮತ್ತೆ ಹಚ್ಚಿದರಾಯಿತು. ನನ್ನ ಕಾರು ಕೆಂಪು. ಸಂಜೆ ಬೆಳಕಿಗೆ ವ್ಯಾಕ್ಸ್ ಕೊಡುವ ಆ ಆಳವಾದ ಬಣ್ಣ ಸೀಲೆಂಟ್ ಒಂದರಿಂದಲೇ ನನಗೆ ಸಿಕ್ಕಿಲ್ಲ. ಡಬ್ಬಿ ಮೇಲೆ ‘ಕ್ಲೀನರ್ ವ್ಯಾಕ್ಸ್’ ಅಂತಿದ್ದರೆ ಬೇಡ. ಅದರಲ್ಲಿರುವ ಉಜ್ಜುವ ಪುಡಿ ಕೆಳಗಿನ ಸೀಲೆಂಟನ್ನೇ ಕೆರೆದು ಹಾಕುತ್ತದೆ.

ಹೀಗೆಲ್ಲ ಮಾಡಿದರೂ ಹಕ್ಕಿ ಹಿಕ್ಕೆಯನ್ನು ಅವತ್ತೇ ತೊಳೆಯಿರಿ. ಬೋರ್‌ವೆಲ್ ನೀರನ್ನು ಬಿಸಿಲಲ್ಲಿ ಒಣಗಲು ಬಿಡಬೇಡಿ. ಆ ಬಿಳಿ ಸುಣ್ಣದ ಕಲೆ ವ್ಯಾಕ್ಸ್ ಮೇಲೂ ಕೂರುತ್ತದೆ.

ನಿಮ್ಮ ಬಲಗಡೆ ಬಾಗಿಲಿಗೆ ಮಾತ್ರ ಈಗ ಏನೂ ಹಚ್ಚಬೇಡಿ. ಕಂಪನಿ ಪೇಂಟ್ ಹೆಚ್ಚು ಬಿಸಿಯಲ್ಲಿ ಬೆಂದು ಬಂದಿರುತ್ತದೆ. ಗ್ಯಾರೇಜಿನ ಪೇಂಟಿನೊಳಗಿನ ಥಿನ್ನರ್ ಇನ್ನೂ ಆರುತ್ತಾ ಇರುತ್ತದೆ, ಅದಕ್ಕೆ ಉಸಿರಾಡಲು ಬಿಡಬೇಕು. ಎರಡು ತಿಂಗಳು ಬರೀ ತೊಳೆಯುತ್ತಾ ಇರಿ, ಆಮೇಲೆ ಅದಕ್ಕೂ ಸೀಲೆಂಟ್ ಹಚ್ಚಿ.